ಅಪ್ಪನಿಗೆ ಯಾವ ಸೈಟೂ ಸರಿಬರಲಿಲ್ಲ

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಲಕ್ಷ್ಮೀಪುರಂನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ನಾನು ಗಣಿತ ಹೇಳಿಕೊಡುತ್ತಿದ್ದೆ. ಗಡಿಯಲ್ಲಿ ಯುದ್ಧ ನಡೆದುಹೋದ ಮೇಲೆ, ಹುಡುಗಿಯರೂ ಗುರಿ ಹೊಡೆಯುವುದನ್ನು ಕಲಿಯಬೇಕೆಂದು ನಮ್ಮ ಹೆಡ್‌ಮಿಸ್ಟ್ರೆಸ್ಸಿಗೆ ಅನ್ನಿಸಿತು. ಹುಡುಗಿಯೊಬ್ಬಳ ತಂದೆ ತಮ್ಮ ಮನೆಯಲ್ಲಿದ್ದ ಹಳೆಯ ಏರ್ ಗನ್ ತಂದುಕೊಟ್ಟರು. ಹನ್ನೆರಡು ವರ್ಷದ ಹುಡುಗಿಯೂ ಎತ್ತಿ ಹಿಡಿಯಬಹುದಾದ ಪುಟ್ಟ, ಹಗುರ ಬಂದೂಕು. ಆದರೆ ಗುರಿ ನೋಡಲು ಕಣ್ಣಿನ ಹತ್ತಿರ ಇರಬೇಕಾದ ಸೈಟು ಮುರಿದು ಬಿದ್ದುಹೋಗಿತ್ತು.

"ನಿಮ್ಮ ತಂದೆ ಮಿಲಿಟ್ರೀಲಿ ಇದ್ದೋರಲ್ವೇನ್ರೀ? ಅವರನ್ನ ಕೇಳಿ ಒಂದು ಒಳ್ಳೆ ಸೈಟು ಹಾಕಿಸ್ಕೊಂಡು ಬನ್ನಿ" ಎಂದು ಹೆಡ್‌ಮಿಸ್ಟ್ರೆಸ್ ಬಂದೂಕನ್ನು ನನ್ನ ಕೈಗಿತ್ತರು.

ನನಗೆ ಬಂದೂಕಿನ ತುದಿ ಬುಡ ತಿಳಿಯದು. ಅಪ್ಪ ಮೇಟಗಳ್ಳಿಯ ಬೇಸಾಯದ ಮನೆಯಿಂದ ಸೈನ್ಯಕ್ಕೆ ಸೇರಿ ಹವಾಲ್ದಾರರಾಗಿ ನಿವೃತ್ತರಾದವರು. ತಮ್ಮ ಪಲ್ಟನ್ನಿನಲ್ಲಿ ಅವರ ಗುರಿಗೆ ಹೆಸರಿತ್ತಂತೆ. ಅಮ್ಮ ತೀರಿಕೊಂಡ ಮೇಲೆ ವಿದ್ಯಾರಣ್ಯಪುರಂನ ಬಾಡಿಗೆ ಮನೆಯಲ್ಲಿ ನಾವಿಬ್ಬರೇ ಇದ್ದೆವು.

ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ಬಂದೂಕು ರಿಪೇರಿ ಮಾಡುವ ಅಂಗಡಿಯಿತ್ತು. ಅಂಗಡಿಯವರು ಮೂರು ಬಗೆಯ ಸೈಟುಗಳನ್ನು ಬಟ್ಟೆಯ ಮೇಲೆ ಹರಡಿದರು. ಒಂದರಲ್ಲಿ ಬರೀ ಕಚ್ಚು. ಆ ಕಚ್ಚಿನ ನಡುವೆ ನಳಿಗೆಯ ಮುಂದಿನ ಮೊನೆ ಕಾಣಬೇಕು. ಇನ್ನೊಂದು ಬಿಲ್ಲೆಯಂಥದ್ದು, ಮಧ್ಯೆ ಸಣ್ಣ ತೂತು. ಮೂರನೆಯದು ಗೇಣುದ್ದದ ಟೆಲಿಸ್ಕೋಪು.

"ಕಲಿಯೋರಿಗೆ ಕಚ್ಚಿಂದೇ ಒಳ್ಳೇದು ಟೀಚರಮ್ಮ. ಆದ್ರೂ ನಿಮ್ ತಂದೆಯವರು ಒಂದೊಂದಾಗಿ ನೋಡ್ಲಿ. ಬೇಡದ್ದು ವಾಪಸ್ ಕೊಡಿ" ಎಂದು ಮೊದಲು ಕಚ್ಚಿನದನ್ನು ಕೂರಿಸಿಕೊಟ್ಟರು.

ಭಾನುವಾರ ಬೆಳಿಗ್ಗೆ ಹಿತ್ತಲ ಗೋಡೆಗೆ ಹಲಗೆ ನಿಲ್ಲಿಸಿ ಕಾಗದ ಅಂಟಿಸಿದೆ. ಅಪ್ಪ ಇಪ್ಪತ್ತು ಹೆಜ್ಜೆ ಅಳೆದು ನಿಂತು, ಕಚ್ಚಿನ ಸೈಟಿನಲ್ಲಿ ಐದು ಸಲ ಹೊಡೆದರು. ಕಾಗದಕ್ಕೆ ಒಂದೂ ತಾಗಲಿಲ್ಲ.

"ಕಚ್ಚಿಗೆ ಸರಿಯಾಗಿ ಅರ ಹಾಕಿಲ್ಲ ಕಣವ್ವ. ಅಂಚೆಲ್ಲ ಮಂಜುಮಂಜಾಗಿ ಅದೆ."

ನಾನು ಕಣ್ಣಿಟ್ಟು ನೋಡಿದೆ. ಅಂಚು ಚೊಕ್ಕವಾಗಿಯೇ ಇತ್ತು. ಆದರೆ ಜೀವಮಾನವೆಲ್ಲ ಬಂದೂಕು ಹಿಡಿದವರ ಮುಂದೆ ನನ್ನ ಮಾತೇನು? ಮುಂದಿನ ವಾರ ತೂತಿನ ಸೈಟು ಹಾಕಿಸಿಕೊಂಡು ಬಂದೆ. ಒಳಗೆಲ್ಲ ಕತ್ತಲೆ ಎಂದರು ಅಪ್ಪ. ಅಂಗಡಿಯವರು ತೂತನ್ನು ದೊಡ್ಡದು ಮಾಡಿಕೊಟ್ಟರು. "ಈಗ್ಲೂ ಅಷ್ಟೇಯ" ಎಂದರು ಅಪ್ಪ. ಟೆಲಿಸ್ಕೋಪು ಹಾಕಿದಾಗ ಗಾಜಿನೊಳಗೆ ಹೊಗೆ ತುಂಬಿದೆ ಎಂದರು. ಹಳೆಯ ಪಂಚೆಯ ತುಂಡಿನಲ್ಲಿ ನಾನು ಆ ಗಾಜನ್ನು ಎಷ್ಟೋ ಹೊತ್ತು ಉಜ್ಜಿದೆ. ಮೇಲಾಗಿ ಅದರ ಭಾರಕ್ಕೆ ಬಂದೂಕು ವಾಲುತ್ತಿತ್ತು, ಒಂದೊಂದು ಏಟಿಗೂ ಟೆಲಿಸ್ಕೋಪು ಹಿಂದಕ್ಕೆ ಜಾರುತ್ತಿತ್ತು.

ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು, "ಟೆಲಿಸ್ಕೋಪಿಲ್ದೆ ಗುರಿ ಹೆಂಗ್ರೀ?" ಅನ್ನುತ್ತಿದ್ದರು. ಅಂಗಡಿಯವರ ಒಲವು ಕಚ್ಚಿಗೆ. ಅಪ್ಪನಿಗೆ ಯಾವುದೂ ಹಿಡಿಸದು. ನನ್ನ ಕಣ್ಣಿಗೆ ಮೂರರಲ್ಲೂ ಹಲಗೆ ಚೆನ್ನಾಗಿಯೇ ಕಾಣುತ್ತಿತ್ತು. ಹಾಗೆ ಕಂಡರೆ ಸಾಕೋ, ಇನ್ನೇನಾದರೂ ಇರಬೇಕೋ, ಅದೂ ಗೊತ್ತಿರಲಿಲ್ಲ. ಹೆಡ್‌ಮಿಸ್ಟ್ರೆಸ್ ಸಿಕ್ಕಾಗಲೆಲ್ಲ "ಆಯ್ತೇನ್ರೀ?" ಎಂದು ಕೇಳುತ್ತಿದ್ದರು. ಗಣಿತದಲ್ಲಿ ಉತ್ತರ ತಪ್ಪಿದರೆ ಯಾವ ಸಾಲಿನಲ್ಲಿ ತಪ್ಪಿತು ಎಂದು ಹುಡುಕಬಹುದು. ಇಲ್ಲಿ ಸಾಲೇ ಕಾಣುತ್ತಿರಲಿಲ್ಲ.

ಮತ್ತೊಮ್ಮೆ ಹೋದಾಗ ಅಂಗಡಿಯವರು ತಾವೇ ಬಂದೂಕು ತೆಗೆದುಕೊಂಡು ಹಿಂದಿನ ಅಂಗಳಕ್ಕೆ ನಡೆದರು. ಕಚ್ಚಿನ ಸೈಟಿನಲ್ಲಿ ಹೊಡೆದರು, ತೂತಿನದರಲ್ಲೂ ಹೊಡೆದರು. ಗುಂಡುಗಳೆಲ್ಲ ಬಿಲ್ಲೆಯಗಲದ ಜಾಗದಲ್ಲಿ ಬಿದ್ದಿದ್ದವು. ಆಮೇಲೆ ನಳಿಗೆ ಒರೆಸುತ್ತ ನನ್ನ ಕಡೆ ತಿರುಗಿದರು.

"ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ನಿಮ್ ತಂದೆಯವರು ಪೇಪರ್ ಓದ್ತಾರಾ?"

ಕೆಲವು ತಿಂಗಳಿಂದ ದಿನವೂ ಪೇಪರನ್ನು ನಾನೇ ಗಟ್ಟಿಯಾಗಿ ಓದುತ್ತಿದ್ದೆ. ನೀನು ಓದಿದರೆ ಕೇಳಲು ಚೆನ್ನಾಗಿರುತ್ತದೆ ಎಂದು ಅಪ್ಪ ಹೇಳಿದ್ದರು. ಅದನ್ನು ನಾನು ಹೊಗಳಿಕೆ ಎಂದುಕೊಂಡಿದ್ದೆ.

ಮನೆಗೆ ಬರುವ ದಾರಿಯಲ್ಲಿ ಇದನ್ನು ಹೇಗೆ ಹೇಳುವುದೋ ತಿಳಿಯಲಿಲ್ಲ. ಹೇಳದೆ ಇರುವುದು ಹೇಗೆಂದೂ ತಿಳಿಯಲಿಲ್ಲ. ಹಿತ್ತಲಲ್ಲಿ ಕಾಗದ ಅಂಟಿಸಿ, "ಅಪ್ಪ, ಒಂದ್ಸಲ ನಾನೇ ಹೊಡೀಲಾ?" ಎಂದೆ. ಬಂದೂಕಿಗೆ ತೂತಿನ ಸೈಟು ಹಾಕಿತ್ತು. ಅಪ್ಪ ಹಿಂದೆ ನಿಂತು ನನ್ನ ಮೊಣಕೈ ಸರಿಮಾಡಿದರು. ಉಸಿರು ಅರ್ಧ ಬಿಟ್ಟು ಹಿಡಿದುಕೋ ಎಂದರು. ಬಂದೂಕಿನ ಕುದುರೆಯನ್ನು ಬೆರಳಿನಿಂದ ಎಳೆಯಬೇಡ, ಮೆಲ್ಲಗೆ ಹಿಂಡು ಎಂದರು. ಮೂರು ಸಲ ಹೊಡೆದೆ.

"ಎಲ್ ಬಿತ್ತವ್ವ?"

ಕಾಗದ ನಮ್ಮ ಎದುರಿಗೇ ಇತ್ತು. "ಮೂರೂ ಕಾಗದದ ಮೇಲೇ ಬಿದ್ದಿದೆ ಅಪ್ಪ" ಎಂದೆ.

ಅಪ್ಪ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತರು. "ಅಂಗಾದ್ರೆ ಸೈಟು ಸರಿಯಾಗೇ ಅದೆ" ಎಂದರು. "ನನ್ ಕಣ್ಣಿನ ಮ್ಯಾಲೆ ನಂಗೂ ಅನುಮಾನ ಇತ್ತು ಬುಡು. ತಪ್ಪೆಲ್ಲ ಸೈಟಿನ ಮ್ಯಾಲೆ ಹಾಕ್ಬುಟ್ಟೆ."

ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರು ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದರು. ಇನ್ನೂ ಬಲಿತಿಲ್ಲ, ಬಲಿತ ಮೇಲೇ ಆಪರೇಷನ್ ಎಂದರು. ಕಾಯಿಲೆ ಹೆಚ್ಚಾಗಲಿ ಎಂದು ಕಾಯುವುದು ಯಾವ ಲೆಕ್ಕವೋ ನನಗೆ ಅರ್ಥವಾಗಲಿಲ್ಲ.

ಸೈಟಿನ ವಿಷಯ ಹಾಗೇ ಉಳಿದಿತ್ತು. "ಯಾವ್ದು ಇಟ್ಕೊಳ್ಳೋದಪ್ಪ?" ಎಂದು ಕೇಳಿದೆ.

"ಟೆಲಿಸ್ಕೋಪು ಮಕ್ಕಳ ಕೈಗೆ ಭಾರ. ಕಚ್ಚಾದ್ರೆ ಕಚ್ಚು, ಮೊನೆ, ಗುರಿ, ಮೂರ್ ಕಡೆ ಕಣ್ಣಿಡ್ಬೇಕು. ತೂತಾದ್ರೆ ಮೊನೆ, ಗುರಿ, ಎರಡೇಯ. ನಿನ್ ಕಣ್ಣಿಗೆ ಯಾವ್ದು ಹಿಡೀತು?"

"ತೂತಿಂದು."

"ಅದ್ನೇ ಹಾಕ್ಸು."

ಅಂಗಡಿಯವರು ಒಪ್ಪದೆ ತಲೆಯಾಡಿಸಿದರು, ಆದರೂ ಭದ್ರವಾಗಿ ಕೂರಿಸಿಕೊಟ್ಟರು. ಅವರು ಹೇಳಿದ್ದೇ ಸರಿಯಿತ್ತೋ ಏನೋ, ನನಗೆ ಇವತ್ತಿಗೂ ಗೊತ್ತಿಲ್ಲ. ಹುಡುಗಿಯರು ಕಲಿತರು. ಶನಿವಾರಗಳಂದು ಅಪ್ಪ ನನ್ನ ಜೊತೆ ಶಾಲೆಗೆ ಬಂದು, ಒಬ್ಬೊಬ್ಬಳ ಭುಜ, ಮೊಣಕೈ ಮುಟ್ಟಿ ತಿದ್ದುತ್ತಿದ್ದರು. ಒಂದು ದಿನ ಒಬ್ಬಳು ಬಂದೂಕು ಚಾಚಿ, "ತಾತ, ನೀವೂ ಒಂದ್ಸಲ ಹೊಡ್ದು ತೋರ್ಸಿ" ಎಂದಳು. ಬಂದೂಕು ತೆಗೆದುಕೊಳ್ಳಲು ನಾನು ಮುಂದೆ ಬಂದೆ. ಅಪ್ಪನೇ ಮಾತಾಡಿದರು.

"ನಂಗೆ ಕಣ್ ಕಾಣಕಿಲ್ಲ ಕಣವ್ವ" ಎಂದರು. "ನೀನ್ ಹೊಡಿ, ಎಲ್ ಬಿತ್ತು ಅಂತ ಹೇಳು."