ಸಮುದ್ರಕ್ಕೆ ಬೆನ್ನು ಹಾಕಿದ ಕಿಟಕಿ

ಅಕ್ಕನ ಗಂಡ ಕ್ರಿಸ್ಪುಲೊನ ಮೇಲಿನ ಸಿಟ್ಟು ದಲ್ಮಾಸಿಯೊನಿಗೆ ಇವತ್ತಿಗೂ ಪೂರ್ತಿ ಇಳಿದಿಲ್ಲ. ಫಿಲಿಪ್ಪೀನ್ಸಿನ ಬೊಹೋಲ್ ದ್ವೀಪದ ಕರಾವಳಿಯಲ್ಲಿ ಅರ್ಧ ಊರಿನ ಮನೆಗಳನ್ನು ಕಟ್ಟಿದವನು ದಲ್ಮಾಸಿಯೊ. ಬಿದಿರು ಸೀಳಿ ನೆಲ ಹಾಸುವುದು, ನಿಪಾ ತಾಳೆಯ ಗರಿ ಹೊಲಿದು ಸೂರು ಹೊದಿಸುವುದು, ಮೊಳೆ ಮುಟ್ಟದೆ ಬೆತ್ತದಲ್ಲೇ ಬಿಗಿಯುವುದು ಅವನಿಗೆ ನೀರು ಕುಡಿದಷ್ಟು ಸಲೀಸು. ಅಂಥವನ ಸ್ವಂತ ಮನೆಯ ಕಿಟಕಿ ಮಾತ್ರ ಸಮುದ್ರ ಬಿಟ್ಟು ಗುಡ್ಡ ನೋಡುತ್ತದೆ.

ಅಲೆ ಅಂಗಳಕ್ಕೇ ನುಗ್ಗಿದ ವರ್ಷ ಮನೆಯನ್ನು ಕಂಬಗಳ ಸಮೇತ ಇಡಿಯಾಗಿ ಹೊತ್ತು ದಿಣ್ಣೆಗೆ ಸಾಗಿಸಬೇಕಾಯಿತು. ಅಲ್ಲಿ ಗುಳಿ ತೋಡಿ, ಕೋಳಿ ಕೊಯ್ದು, ಗುಳಿಗುಳಿಗೂ ರಕ್ತ ಬಿಟ್ಟರು. ಅದರಲ್ಲಿ ಒಮ್ಮೆ ನಿಂತ ಕಂಬವನ್ನು, ನೀರೇ ನುಗ್ಗಿ ಬಂದ ಹೊರತು, ಮತ್ತೆ ಕೀಳುವ ಹಾಗಿಲ್ಲ ಎಂಬುದು ಊರಿನ ನಂಬಿಕೆ. ಬೆಳಿಗ್ಗೆ ಊರ ಗಂಡಸರು ಮನೆಯಡಿ ಉದ್ದ ಬಿದಿರು ಕಟ್ಟಿ ಹೆಗಲು ಕೊಟ್ಟರು. ದಾರಿ ತೋರುತ್ತ ಮುಂದೆ ಕ್ರಿಸ್ಪುಲೊ, ಹಿಂದೆ ದಲ್ಮಾಸಿಯೊ. ಒಳಗಿದ್ದ ಅವನ ತಾಯಿ ಬಸಿಲಿಸಾ ಇಳಿಯಲೊಲ್ಲಳು.

"ಅಮ್ಮಾ, ಇಳಿಯೇ! ಭಾರ ಆಗುತ್ತೆ!"

"ಒಣಮೀನಿನ ಹಾಗಿದೀನಿ, ನಂದೇನೋ ಭಾರ? ನಿನ್ನ ಸಿಟ್ಟು ಕೆಳಗಿಡು, ಮನೆ ತಾನೇ ಹಗುರಾಗುತ್ತೆ!"

ಎಲ್ಲರೂ ನಕ್ಕರು. ಆ ನಗುವಿನಲ್ಲೇ ಮನೆ ಎದ್ದಿತು. ಮಂಜಿನಲ್ಲಿ ತೆಂಗಿನ ಮರಗಳ ನಡುವೆ ದೋಣಿಯಂತೆ ತೇಲಿತು. ಕಿಟಕಿಯಲ್ಲಿ ಕೂತ ಮುದುಕಿಗೆ ಮನೆ ನಿಂತೇ ಇದೆ, ಊರೇ ನಡೆದುಹೋಗುತ್ತಿದೆ ಅನ್ನಿಸಿತು. ಬಾವಿ ಹೋಯಿತು, ಇಗರ್ಜಿಯ ಗಂಟೆ ಹೋಯಿತು. ನೆಲದಡಿ ತಲೆ ತಗ್ಗಿಸಿದ್ದ ದಲ್ಮಾಸಿಯೊನಿಗೆ ಕಂಡದ್ದು ಬಿದಿರ ಸಂದಿನಿಂದ ಇಳಿದು ಕಾಲ ಬಳಿ ಹರಿಯುತ್ತಿದ್ದ ಬೆಳಕಿನ ಗೆರೆಗಳಷ್ಟೇ. ನಿದ್ದೆಯಲ್ಲಿ ನಡೆದವನಂತೆ ನಡೆದ.

"ಇಳಿಸಿ!" ಎಂದು ಕ್ರಿಸ್ಪುಲೊ ಕೂಗಿದ. ಕಂಬಗಳು ಗುಳಿಗಿಳಿದವು. ಹೊರಬಂದು ನೋಡಿದರೆ ಕಿಟಕಿ ಗುಡ್ಡದ ಕಡೆ! ನಾಲ್ಕೂ ಬದಿ ಕೂದಲೆಳೆ ಹೆಚ್ಚುಕಮ್ಮಿಯಾಗದಂತೆ ಕಟ್ಟಿದ್ದವನು ತಾನೇ. ಹೇಗೆ ತಿರುಗಿಸಿದರೂ ಗುಳಿಗೆ ಕೂರುತ್ತಿತ್ತು.

"ಕಣ್ಣು ಎಲ್ಲಿಟ್ಟಿದ್ದೆ ಭಾವ? ಹೆಂಡದ ಮಡಕೇಲಾ?"

"ತಪ್ಪಾಯ್ತು ಬಿಡಪ್ಪ," ಎಂದ ಕ್ರಿಸ್ಪುಲೊ, ಬಾಳೆಲೆಯಲ್ಲಿ ಬೆಂದ ಅಂಟಕ್ಕಿ ಕಡುಬು ಬಿಚ್ಚುತ್ತ.

ಅಂದಿನಿಂದ ದಲ್ಮಾಸಿಯೊ ಅವನ ಜೊತೆ ಮಾತು ಬಿಟ್ಟ. ಎದುರು ಸಿಕ್ಕಾಗ ಬೈಗುಳವಷ್ಟೇ. ವರ್ಷಗಳು ಕಳೆದವು. ಹಾಸಿಗೆ ಹಿಡಿದ ಬಸಿಲಿಸಾ ಒಂದು ಸಂಜೆ ಅದೇ ಕಿಟಕಿಗೆ ಒರಗಿ ಕೂತಿದ್ದಳು.

"ತಿರುಗಿಸು ಅಂತ ಅಳಿಯಂಗೆ ನಾನೇ ಹೇಳಿದ್ದು ಕಣೋ. ನಿಮ್ಮಪ್ಪನ್ನ ನುಂಗಿದ ಸಮುದ್ರದ ಮುಖ ಎಷ್ಟೂಂತ ನೋಡ್ಲಿ? ಇಲ್ಲಿಂದ ನಿಮ್ಮಕ್ಕನ ಒಲೆ ಹೊಗೆ ಕಾಣುತ್ತೆ. ನೀನು ಕೂಗಾಡ್ತೀಯ ಅಂತ ಅವನ ಬಾಯಿ ಮುಚ್ಚಿಸ್ದೆ."

ಗುಡ್ಡದ ಬುಡದಲ್ಲಿ ನೀಲಿ ಹೊಗೆ ಸುರುಳಿ ಸುರುಳಿಯಾಗಿ ಏಳುತ್ತಿತ್ತು. ದಲ್ಮಾಸಿಯೊ ಅದರ ಬುಡ ಹುಡುಕಿಕೊಂಡು ನೆಟ್ಟಗೆ ನಡೆದ.

"ಇಷ್ಟು ವರ್ಷ ಬೈಸ್ಕೊಂಡ್ಯಲ್ಲ, ಬಾಯಿ ಬಿಡೋಕೆ ಏನಾಗಿತ್ತು ನಿಂಗೆ?"

"ಅತ್ತೆಗೆ ಕೊಟ್ಟ ಮಾತು. ಹೊಳೆ ದಡ ಕೊರ್ಕೊಂಡು ಹತ್ರ ಬರ್ತಿದೆ, ನನ್ನ ಮನೇನೂ ಹೊರಬೇಕು. ಈ ಸಲ ಮುಂದಿನ ಬಿದಿರು ನಿಂದು, ಆಯ್ತಾ?"

ದಲ್ಮಾಸಿಯೊ ಹೆಗಲು ತಟ್ಟಿ ಒಪ್ಪಿದ. ಮಳೆಗಾಲ ಮುಗಿಯುವುದನ್ನೇ ಕಾದ. ಆದರೆ ಕ್ರಿಸ್ಪುಲೊನ ಮಕ್ಕಳು ಹಳೇ ಮನೆ ಬಿಚ್ಚಿ, ದಿಣ್ಣೆಯ ಮೇಲೆ ಸಿಮೆಂಟಿನ ಗೋಡೆ ಎಬ್ಬಿಸಿ ತಗಡು ಹೊದಿಸಿಬಿಟ್ಟರು. ಹೊರಲು ಮನೆಯೇ ಉಳಿಯಲಿಲ್ಲ.

ಈಗಲೂ ಕೆಲವು ಸಂಜೆ ದಲ್ಮಾಸಿಯೊ ಹೋಗಿ, ಬಿಸಿಲುಂಡು ಬೆಚ್ಚಗಿರುವ ಆ ಗೋಡೆಗೆ ಹೆಗಲು ಕೊಟ್ಟು ನಿಲ್ಲುತ್ತಾನೆ. ಒಳಗಿನಿಂದ ಕ್ರಿಸ್ಪುಲೊ, "ಎತ್ತೋ, ಎತ್ತು!" ಎನ್ನುತ್ತಾನೆ. ಗೋಡೆ ಅಲುಗುವುದಿಲ್ಲ.