ಗುಡ್ಡದ ಬುಡದಲ್ಲಿ ಕೂತ ದೊಡ್ಡ ಮಗಳು

ಓದುಗರಿಗೆಲ್ಲ ನಮಸ್ಕಾರ. ನಾನು ಸರಿಯಾಗಿ ಓದು ಬರಹ ಕಲಿತದ್ದು ಮೀಸೆ ಬಂದ ಮೇಲೆ, ನಮ್ಮ ಸಣ್ಣ ಊರಿನ ಸಂಜೆ ಶಾಲೆಯಲ್ಲಿ. ಟೈಪ್ ಮಾಡುವುದು ಅದಕ್ಕಿಂತಲೂ ತಡವಾಗಿ ಬಂತು. ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೇನೆ, ಒತ್ತು ದೀರ್ಘ ತಪ್ಪಿದ್ದರೆ ಮನ್ನಿಸಿ. ಹೇಳಬೇಕಾದ ದೊಡ್ಡ ತಪ್ಪು ಬೇರೆಯೇ ಇದೆ. ಅದನ್ನು ಮನ್ನಿಸಿ ಅಂತ ಕೇಳಲು ನನಗೆ ಬಾಯಿಲ್ಲ.

ಅರವತ್ತರ ದಶಕ ಶುರುವಾಗುವ ಹೊತ್ತಿಗೆ ನಾವು ಜಯನಗರದಲ್ಲಿ ಬಾಡಿಗೆಗಿದ್ದೆವು. ನಮ್ಮ ಸಾಲು ಮುಗಿದರೆ ಆಚೆ ರಾಗಿ ಹೊಲ. ಮೂರು ಮಕ್ಕಳು. ದೊಡ್ಡವಳಿಗೆ ಹನ್ನೊಂದು, ಮಗನಿಗೆ ಎಂಟು, ಕೊನೆಯವಳಿಗೆ ಎರಡೂವರೆ. ಭಾನುವಾರ ಬಂದರೆ ನನ್ನ ಹೆಂಡತಿ, "ರೀ, ಈ ಮೂರನ್ನೂ ಎಲ್ಲಾದ್ರೂ ಕರ್ಕೊಂಡು ಹೋಗಿ. ಒರೆಸಿದ ನೆಲ ಒಣಗೋವರ್ಗಾದ್ರೂ ಬರ್ಬೇಡಿ" ಅನ್ನುತ್ತಿದ್ದಳು. ಹಾಗೆ ಶುರುವಾಯಿತು ನಮ್ಮ ಭಾನುವಾರದ ನಡಿಗೆ.

ನಾನು ಅದನ್ನು ಹುಡುಗಾಟಿಕೆಯಿಂದ ಮಾಡಲಿಲ್ಲ. ಶನಿವಾರ ಕಾರ್ಖಾನೆ ಅರ್ಧ ದಿನ. ಊಟವಾದ ಮೇಲೆ ಸೈಕಲ್ ಹತ್ತಿ ಮರುದಿನದ ದಾರಿಯನ್ನು ಮೊದಲೇ ನೋಡಿಕೊಂಡು ಬರುತ್ತಿದ್ದೆ. ನೆರಳು ಎಲ್ಲಿದೆ, ಕುಡಿಯುವ ನೀರಿನ ಬಾವಿ ಎಷ್ಟು ದೂರ, ಜಾಲಿಮುಳ್ಳು ಎಲ್ಲಿ ಬಿದ್ದಿದೆ, ಯಾವ ತೋಟದ ನಾಯಿ ಕಟ್ಟಿಲ್ಲ, ಎಲ್ಲ ನೋಡುತ್ತಿದ್ದೆ. ಸೈಕಲ್ ನಿಲ್ಲಿಸಿ ಮಕ್ಕಳ ಹಾಗೆ ಚಿಕ್ಕ ಚಿಕ್ಕ ಹೆಜ್ಜೆ ಇಟ್ಟು ನೋಡಿದ್ದೂ ಉಂಟು. ಬೀದಿಯವರು, "ಈ ವಾರ ಯಾವ ಕಡೆ ಸಾರ್?" ಅಂತ ಕೇಳುತ್ತಿದ್ದರು. ನಾನು ದೊಡ್ಡ ಮನುಷ್ಯನ ಹಾಗೆ ಹೇಳುತ್ತಿದ್ದೆ. ಬೇಗೂರು ಕೆರೆ ಏರಿ ಮಟ್ಟಸವಾಗಿದೆ, ಪುಟ್ಟ ಮಕ್ಕಳಿಗೆ ಒಳ್ಳೆಯದು, ಆದರೆ ಬಿಸಿಲು ಏರುವ ಮುಂಚೆ ಮುಗಿಸಬೇಕು. ಲಾಲ್‌ಬಾಗ್ ಬಂಡೆ ಎಲ್ಲರಿಗೂ ಆದೀತು, ಆದರೆ ಎಂಟು ಹತ್ತು ವರ್ಷದ ಹುಡುಗರಿಗೆ ಎರಡನೇ ಸಲಕ್ಕೆ ಬೇಜಾರು.

ನಮಗೆ ಒಗ್ಗಿದ್ದು ಉತ್ತರಹಳ್ಳಿ ಕಡೆಯ ಒಂದು ಬಂಡೆಗುಡ್ಡ. ಬನಶಂಕರಿ ಗುಡಿಯವರೆಗೆ ಬಸ್ಸು, ಅಲ್ಲಿಂದ ಎತ್ತಿನಗಾಡಿ ಹೋಗುವ ಮಣ್ಣುದಾರಿ. ಮಗನಿಗೆ ಹತ್ತಲು ಬಂಡೆ ಇತ್ತು. ಕೊನೆಯವಳಿಗೆ ಬುಡದಲ್ಲಿ ಹೊಂಗೆ ಮರದ ನೆರಳು, ನೋಡಲು ಆಡು ಮರಿಗಳು. ಎರಡು ವಯಸ್ಸಿಗೂ ಸರಿಹೋಗುವ ಜಾಗ ಹುಡುಕಿದೆ ಅಂತ ನನಗೆ ಬಹಳ ಹೆಮ್ಮೆ.

ಎರಡು ವಯಸ್ಸಿಗೆ. ಮಕ್ಕಳು ಮೂರು.

ಆ ಕಾಲಕ್ಕೆ ನಮ್ಮಂಥ ಮನೆಗಳಲ್ಲಿ ಮೊದಲ ಹೆಣ್ಣುಮಗುವಿನ ಕಂಕುಳಲ್ಲಿ ಯಾವಾಗಲೂ ಒಂದು ಮಗು ಇರುತ್ತಿತ್ತು. ನೀರಿನ ಕೂಜ ಯಾರು ಹಿಡಿಯಬೇಕು ಅಂತ ಯೋಚಿಸುತ್ತಿದ್ದೆ. ಮಗುವನ್ನು ಯಾರು ಎತ್ತಿಕೊಳ್ಳಬೇಕು ಅಂತ ಯೋಚಿಸಿದವನೇ ಅಲ್ಲ. ದೊಡ್ಡವಳು ತಂಗಿಯನ್ನು ಎತ್ತಿಕೊಂಡು ಗುಡ್ಡದ ಬುಡದವರೆಗೆ ಬರುತ್ತಿದ್ದಳು, ಮರದ ಕೆಳಗೆ ಲಂಗ ಹರಡಿ ಕೂರುತ್ತಿದ್ದಳು. ನಾನೂ ಮಗನೂ ಮೇಲೆ ಹೋಗುತ್ತಿದ್ದೆವು. ಇಳಿದು ಬಂದ ಮೇಲೆ ನಾಲ್ವರೂ ಅವಲಕ್ಕಿ ತಿನ್ನುತ್ತಿದ್ದೆವು.

"ಮೇಲಿಂದ ಏನೋ ಕಾಣುತ್ತೆ?" ಅಂತ ಅವಳು ಪ್ರತಿ ಸಲ ತಮ್ಮನನ್ನು ಕೇಳುವಳು.

ಮೇಲಿಂದ ಕಾಣುತ್ತಿದ್ದುದು ಹೊಲ, ಎರಡು ಕೆರೆ, ತೆಂಗಿನ ತಲೆಗಳು. ಅಷ್ಟು ಹೇಳಿದರೆ ಅವನಿಗೆ ಸಾಲದು. "ನಮ್ಮನೆ ಕಾಣುತ್ತೆ ಕಣಕ್ಕ! ತಂತಿ ಮೇಲೆ ಅಮ್ಮನ ಹಸಿರು ಸೀರೆ ಒಣಗ್ತಿತ್ತು."

"ಹೋಗೋ, ಬರೀ ಸುಳ್ಳು."

"ದೇವ್ರಾಣೆ! ಅಪ್ಪನ್ನೇ ಕೇಳು ಬೇಕಾದ್ರೆ."

ಅವಳು ನನ್ನ ಮುಖ ನೋಡುವಳು. ನಾನು ನಗುತ್ತಿದ್ದೆ, ಇಲ್ಲ ಅನ್ನುತ್ತಿರಲಿಲ್ಲ.

ಒಂದು ಭಾನುವಾರ ನಾವು ಇಳಿದು ಬಂದಾಗ ಆಡು ಮೇಯಿಸುವ ಮುದುಕಿಯೊಬ್ಬಳು ನನ್ನ ದೊಡ್ಡ ಮಗಳ ಪಕ್ಕದಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದಳು. ನನ್ನನ್ನು ನೋಡಿದವಳೇ ಶುರು ಮಾಡಿದಳು.

"ಏನ್ ಸ್ವಾಮಿ, ಒಂದ್ ಕೂಸ್ನ ತಂದು ಇನ್ನೊಂದ್ ಕೂಸ್ನ ಕಾಯಾಕ್ ಕುಂಡ್ರುಸಿ, ನೀವು ಮೇಲೆ ಯಾರ್ನ ಕಾಯಾಕ್ ಹೋಗಿದ್ರಿ?"

ಮಗ ಕಿಸಕ್ಕನೆ ನಕ್ಕ. ನನ್ನ ಮುಖ ಬಿಸಿಯಾಯಿತು. ಆಗ ಮಗಳು ಮೆಲ್ಲಗೆ, "ಅಪ್ಪಾ, ನಾನೂ ಒಂದ್ಸಲ ಹತ್ಲಾ? ಬೇಗ ಬಂದ್ಬಿಡ್ತೀನಿ" ಅಂದಳು.

"ಇತ್ಲಾಗ್ ಕೊಡವ್ವ ಆ ಮಗೀನ, ನಾನ್ ನೋಡ್ಕತೀನಿ" ಅಂತ ಮುದುಕಿ ಕೈ ಚಾಚಿಯೇಬಿಟ್ಟಳು.

ಅರ್ಧ ಗಂಟೆಯ ಕೆಲಸ. ಮುದುಕಿಯ ಕೈಗೆ ಕೊಡಲು ಮನಸ್ಸಿಲ್ಲದಿದ್ದರೆ ನಾನೇ ಮಗುವನ್ನು ಇಟ್ಟುಕೊಂಡು ಕೂರಬಹುದಿತ್ತು. ನಾನು, "ಬಸ್ಸಿಗೆ ಹೊತ್ತಾಯ್ತು ಕಣಮ್ಮ. ಮುಂದಿನ ವಾರ ನೀನೇ ಮೊದಲು ಹತ್ತು, ಚಿಕ್ಕವಳನ್ನ ನಾನ್ ಎತ್ಕೋತೀನಿ" ಅಂದೆ.

"ನಿಜವಾಗ್ಲೂ?"

"ನಿಜವಾಗ್ಲೂ."

ಬಸ್ಸಿಗೆ ಹೊತ್ತಾಗಿರಲಿಲ್ಲ. ಗುಡಿಯ ಹತ್ತಿರ ಬಂದು ಮುಕ್ಕಾಲು ಗಂಟೆ ಕಾದೆವು. ಮುದುಕಿಯ ಮಾತಿಗೆ ನನಗೆ ಸಿಟ್ಟು ಬಂದಿತ್ತು, ಅಷ್ಟೆ. ಇನ್ನೂ ಒಂದು ವಿಷಯ. ಅಷ್ಟು ವಾರ ನಾನೇ ಯಾಕೆ ಕೆಳಗೆ ಕೂರಲಿಲ್ಲ ಅಂದರೆ, ಹುಡುಗನ ಜೊತೆ ಗಂಡಸು ಇರಬೇಕು ಅಂತ ಹೆಂಡತಿಗೆ ಹೇಳುತ್ತಿದ್ದೆ. ಹುಡುಗ ಆ ಬಂಡೆಯನ್ನು ನನಗಿಂತ ಚೆನ್ನಾಗಿ ಹತ್ತುತ್ತಿದ್ದ. ವಾರವೆಲ್ಲ ಕಾರ್ಖಾನೆಯ ಸ್ಟೋರಿನಲ್ಲಿ ನಿಂತವನಿಗೆ ಆ ಗಾಳಿ ಬೇಕಿತ್ತು. ಮೇಲೆ ಹೋಗುವ ಆಸೆ ನನ್ನದು.

ಆ ವಾರವೆಲ್ಲ ಅವಳು ಸಂಭ್ರಮದಲ್ಲಿದ್ದಳು. ಉದ್ದ ಲಂಗ ಕಾಲಿಗೆ ಸಿಕ್ಕೀತು ಅಂತ ಅಂಚು ಮಡಿಸಿ ಕೈಯಲ್ಲೇ ಹೊಲಿದುಕೊಂಡಳು. ಗುರುವಾರ ನಾನು ಕೆಲಸದಿಂದ ಬಂದಾಗ ಅವಳನ್ನು ಹಿಂದಿನ ಕೋಣೆಯಲ್ಲಿ ಚಾಪೆಯ ಮೇಲೆ ಬೇರೆಯಾಗಿ ಕೂರಿಸಿದ್ದರು. ಪಕ್ಕದ ಮನೆಯ ಹೆಂಗಸರು ಕೊಬ್ಬರಿ ಬೆಲ್ಲ ತಂದಿದ್ದರು. ಮಗಳು ದೊಡ್ಡವಳಾಗಿದ್ದಳು. ಆರತಿ ಮಾಡಿದರು, ಹೊಸ ಸೀರೆ ಉಡಿಸಿ ಹೂವು ಮುಡಿಸಿದರು. ಲಂಗದ ಹೊಲಿಗೆ ಹಾಗೇ ಇತ್ತು.

ಶಾಸ್ತ್ರವೆಲ್ಲ ಮುಗಿದ ಮೇಲೆ ಬಂದ ಭಾನುವಾರ ನಾನು ಚಪ್ಪಲಿ ಮೆಟ್ಟುವಾಗ ಅವಳು ಬಾಗಿಲಲ್ಲಿ ಬಂದು ನಿಂತಳು. ಹೆಂಡತಿಯೇ ಒಳಗಿನಿಂದ, "ಇನ್ನು ಅವಳು ಬೆಟ್ಟ ಗುಡ್ಡ ಅಂತ ಅಲೆಯೋದು ಬೇಡ ರೀ. ನೋಡ್ದೋರು ಏನಂತಾರೆ? ಚಿಕ್ಕವಳನ್ನ ನೀವೇ ಎತ್ಕೊಳ್ಳಿ" ಅಂದಳು.

ನಾನು ಮಾತು ಕೊಟ್ಟಿದ್ದೇನೆ ಅಂತ ಹೇಳಬಹುದಿತ್ತು. ಹೆಂಡತಿ ಒಂದು ದಿನ ಗೊಣಗುತ್ತಿದ್ದಳು, ಮುಗಿಯುತ್ತಿತ್ತು. ನಾನು "ಹೂಂ" ಅಂದೆ. ಚಿಕ್ಕವಳನ್ನು ಎತ್ತಿಕೊಂಡು ಹೊರಟೆ. ಅವತ್ತು ಗುಡ್ಡದ ಬುಡದಲ್ಲಿ ಮೊದಲ ಸಲ ನಾನು ಕೂತೆ. ಮಗುವನ್ನು ಹೊತ್ತ ಸೊಂಟ ಹಿಡಿದುಕೊಂಡಿತ್ತು. ಹೊಂಗೆ ಮರದ ಕೆಳಗೆ ಕೂತರೆ ಒಂದು ದೊಡ್ಡ ಬಂಡೆಯ ಗೋಡೆ ಬಿಟ್ಟು ಬೇರೇನೂ ಕಾಣುವುದಿಲ್ಲ ಅಂತ ನನಗೆ ಗೊತ್ತಾದದ್ದು ಆಗ. ಶನಿವಾರ ಶನಿವಾರ ಅಷ್ಟು ದಾರಿ ನೋಡಿದವನು ಆ ಜಾಗದಲ್ಲಿ ಕೂತು ನೋಡಿರಲಿಲ್ಲ. ಎರಡು ವಾರಕ್ಕೆ ಆ ಗುಡ್ಡಕ್ಕೆ ಹೋಗುವುದನ್ನೇ ಬಿಟ್ಟೆ.

ಆ ದಶಕ ಮುಗಿಯುವುದರೊಳಗೆ ಅವಳ ಮದುವೆಯಾಯಿತು. ಹೊಸ ಜೋಡಿಯನ್ನು ಬನಶಂಕರಿ ಗುಡಿಗೆ ಕರೆದುಕೊಂಡು ಹೋದೆವು. ಪೂಜೆ ಮುಗಿಸಿ ಬಸ್ಸಿಗೆ ಕಾಯುತ್ತಿದ್ದಾಗ ಅಳಿಯಂದಿರು ದೂರದ ಗುಡ್ಡ ನೋಡಿ, "ಅದೇನಾ ನೀವೆಲ್ಲ ಪ್ರತಿ ವಾರ ಹೋಗ್ತಿದ್ದ ಗುಡ್ಡ?" ಅಂತ ಕೇಳಿದರು.

"ಹೂಂ, ಅದೇ" ಅಂದಳು ಮಗಳು. "ಮೇಲಿಂದ ನಮ್ಮನೆ ಕಾಣುತ್ತೆ ಗೊತ್ತಾ? ತಂತಿ ಮೇಲೆ ಒಣಗೋ ಸೀರೆ ಸಮೇತ."

ಅಳಿಯಂದಿರು ನಕ್ಕರು. "ಅಲ್ಲಿಂದ ಜಯನಗರದ ಸೀರೇನಾ? ಒಳ್ಳೆ ಕಣ್ಣು ನಿಂದು!"

ಅವಳು ನನ್ನ ಕಡೆ ತಿರುಗಿದಳು. "ಅಲ್ವೇನಪ್ಪ?"

ಕಾಣುವುದಿಲ್ಲ ಅಂದರೆ ಅವಳು ಒಮ್ಮೆಯೂ ಮೇಲೆ ಹೋಗಿಲ್ಲ ಅಂತ ಹೊಸ ಗಂಡನ ಮುಂದೆ ಹೇಳಿದ ಹಾಗೆ. ಹೋಗದೆ ಇದ್ದದ್ದು ಯಾರಿಂದ ಅಂತಲೂ ಹೇಳಿದ ಹಾಗೆ.

"ಕಾಣುತ್ತೆ ಕಣಮ್ಮ," ಅಂದೆ. "ಹಸಿರು ಸೀರೆ."

ಓದುವವರೇ, ನಿಮ್ಮ ಮನೆಯಲ್ಲೂ ಹೀಗೆ ಕೆಳಗೆ ಕೂತ ಮಗು ಇತ್ತೇ? ಅಥವಾ ಆ ಮಗು ನೀವೇ ಆಗಿದ್ದಿರಾ? ಎರಡು ಸಾಲಾದರೂ ಸರಿ, ಬರೆದು ತಿಳಿಸಿ. ನಿಧಾನವಾಗಿಯಾದರೂ ಎಲ್ಲವನ್ನೂ ಓದುತ್ತೇನೆ.