ಹೊಸ್ತಿಲಿನಡಿಯ ಫ್ರಾಂಕ್

ನನ್ನ ಸೋದರಮಾವ ಹಡಗಿನಲ್ಲಿ ಅಡುಗೆಯವರಾಗಿದ್ದರು. ಫ್ರಾನ್ಸಿನ ಅಂಚಿಗೆ ಅಂಟಿಕೊಂಡಿರುವ ಮೊನಾಕೊ ಎಂಬ ಪುಟ್ಟ ಸಂಸ್ಥಾನದ ಬಂದರಿನಲ್ಲಿ ಚಿಲ್ಲರೆಯಾಗಿ ಬಂದ ಒಂದು ಫ್ರಾಂಕನ್ನು ಊರಿಗೆ ತಂದಿದ್ದರು. ಬಿಳಿ ನಾಣ್ಯ. ಒಂದು ಬದಿ ಅಲ್ಲಿಯ ಅರಸನ ಮುಖ, ಇನ್ನೊಂದು ಬದಿ ಕಿರೀಟ ಹೊತ್ತ ಗುರಾಣಿ. ಅಳತೆ, ಬೆಲೆ ಎರಡೂ ಫ್ರೆಂಚ್ ಫ್ರಾಂಕಿನವೇ. ಗಡಿಯಾಚೆಯ ಅಂಗಡಿಯವರೂ ತಿರುಗಿಸಿ ನೋಡದೆ ಗಲ್ಲಾಪೆಟ್ಟಿಗೆಗೆ ಹಾಕುತ್ತಿದ್ದರಂತೆ.

ಮಾವ ಉದ್ಯಾವರದಲ್ಲಿ ಮನೆ ಕಟ್ಟುವಾಗ, ಬಾಗಿಲಿನ ಚೌಕಟ್ಟು ಅಂದರೆ ದಾರಂದ ನಿಲ್ಲಿಸುವ ದಿನ, ಹೊಸ್ತಿಲಿನಡಿ ಇಡಬೇಕಾದ ಬೆಳ್ಳಿಯ ನಾಣ್ಯ ತರಲು ಮರೆತುಹೋಗಿತ್ತು. ಅತ್ತೆ ಈ ಫ್ರಾಂಕನ್ನೇ ತಂದು ತಮ್ಮ ಕೈಯಾರೆ ಇಟ್ಟರು.

"ನೀವು ಹಡಗಿಗೆ ಹೋದ ಮೇಲೆ ಬಾಗಿಲು ಕಾಯಲಿಕ್ಕೆ ಒಬ್ಬ ಅರಸನಾದರೂ ಇರಲಿ ಮಾರಾಯ್ರೆ" ಎಂದರು. ಮೇಸ್ತ್ರಿಯೂ ನಕ್ಕ.

ಆಮೇಲೆ ಯೂರೋ ಬಂತು, ಫ್ರಾಂಕ್ ಚಲಾವಣೆಯಿಂದ ಹೋಯಿತು. ಸಂಸ್ಥಾನ ಈಗಲೂ ತನ್ನ ಅರಸನ ಮುಖವಿರುವ ಯೂರೋ ಟಂಕಿಸುತ್ತದೆ. ಆದರೆ ಅವು ಬಹಳ ಕಡಿಮೆ, ಹೆಚ್ಚಿನವು ಸಂಗ್ರಾಹಕರ ಪಾಲು. ಅತ್ತೆಯೂ ತೀರಿಕೊಂಡರು.

ಕಳೆದ ವರ್ಷ ರಸ್ತೆ ಅಗಲ ಮಾಡಲು ಮನೆಯ ಮುಂಭಾಗ ಕೆಡಹಬೇಕಾಯಿತು. ಮಾವನಿಗೆ ಬೇಕಾಗಿದ್ದದ್ದು ಆ ನಾಣ್ಯ ಒಂದೇ. ಹಿಂದಿನ ದಿನವೇ ಹೊಸ್ತಿಲು ಕೀಳಿಸೋಣ ಎಂದೆ. ನಾಳೆ ಜೆಸಿಬಿಯ ಡ್ರೈವರಿಗೆ ಒಂದು ಮಾತು ಹೇಳಿದರಾಯಿತು ಎಂದರು. ಮರುದಿನ ಜೆಸಿಬಿ ಬಂತು. ಮಣ್ಣು ಒಯ್ಯಲು ಬಂದ ಟಿಪ್ಪರುಗಳು ಅದರ ಹಿಂದೆ ಹಾರ್ನ್ ಹಾಕುತ್ತಿದ್ದವು. ಮಾವ ತುಸು ಮುಂದೆ ಹೋಗಿ, ಡ್ರೈವರನತ್ತ ಎತ್ತಿದ ಕೈಯನ್ನು ಟಿಪ್ಪರುಗಳ ಸಾಲು ನೋಡಿ ಇಳಿಸಿದರು. ನಾನು ಕೂಗಲು ಹೊರಟೆ. ನನ್ನ ಮಣಿಕಟ್ಟು ಹಿಡಿದರು.

"ಬೇಡ. ಒಂದು ನಾಲ್ಕಾಣೆ ಪಾವಲಿಗೆ ಅಷ್ಟು ಜನರ ಕೆಲಸ ನಿಲ್ಲಿಸುವುದುಂಟಾ?"

ಹೊಸ್ತಿಲು ಎದ್ದಿತು. ಕೆಂಪು ಮಣ್ಣಿನ ಜೊತೆ ಏನಾದರೂ ಹೊಳೆಯಿತೇ ಎಂದು ನಾನು ಈಗಲೂ ಖಚಿತವಾಗಿ ಹೇಳಲಾರೆ. ಆ ಮಣ್ಣು ಕಾಪುವಿನ ಕಡೆಯ ಒಂದು ತಗ್ಗು ಗದ್ದೆ ತುಂಬಿಸಲು ಹೋಯಿತು. ಸಂಜೆ ಅಲ್ಲಿಗೆ ಹೋದಾಗ ರಾಶಿಗಳನ್ನು ಆಗಲೇ ಸಮ ಮಾಡಿದ್ದರು. ಮಾವ ಕೊಡೆಯ ತುದಿಯಿಂದ ಸ್ವಲ್ಪ ಹೊತ್ತು ಕೆದಕಿದರು.

ಮಣಿಪಾಲದಲ್ಲಿ ನಾಣ್ಯ ಸಂಗ್ರಹಿಸುವ ಪರಿಚಿತರೊಬ್ಬರಲ್ಲಿ ಅಂಥದೇ ಫ್ರಾಂಕ್ ಸಿಕ್ಕಿತು. ಅದೇ ಅರಸ, ಅದೇ ಗುರಾಣಿ. ತಂದು ಕೊಟ್ಟೆ. ಮಾವ ಕಿಟಕಿಯ ಬೆಳಕಿಗೆ ಹಿಡಿದು ಎರಡೂ ಬದಿ ನೋಡಿದರು.

"ಒಳ್ಳೇದುಂಟು. ವಾಪಸು ಕೊಡು. ನಿನ್ನ ಅತ್ತೆ ಇಟ್ಟದ್ದು ಇದಲ್ಲ, ಅಲ್ವಾ?"

ಹಿಂದೆ ಸರಿಸಿ ಕಟ್ಟಿದ ಬಾಗಿಲಿಗೆ ದಾರಂದ ನಿಲ್ಲಿಸುವಾಗ, ಹೊಸ್ತಿಲಿನಡಿ ಏನಿಡುವುದೆಂದು ಮೇಸ್ತ್ರಿ ಕೇಳಿದ. ಮಾವ ಜೇಬು ತಡಕಿ, ಕೈಗೆ ಸಿಕ್ಕ ನಾಣ್ಯವನ್ನು ತಿರುಗಿಸಿ ನೋಡದೆ ಕೊಟ್ಟರು.